ಮಧ್ಯಾಹ್ನದ ಕರೆಂಟು

ನಮ್ಮೂರಿನಲ್ಲಿ ನನ್ನಷ್ಟು ಚೆನ್ನಾಗಿ ನಿದ್ದೆ ಮಾಡುವವರು ಇನ್ನೊಬ್ಬರಿಲ್ಲ. ನಾನೇ ಹೇಳಿಕೊಂಡರೆ ಜಂಬ ಅನಿಸಬಹುದು, ಆದರೆ ಇದನ್ನು ಮೊದಲು ಹೇಳಿದವರು ಊರಿನವರೇ. ಮದುವೆಮನೆಯಲ್ಲಿ ದೀಪಗಳು ಕೊಂಚ ಮಂಕಾದರೆ ಸಾಕು, ‘ವಿರೂಪಣ್ಣನಿಗೆ ಹೇಳಿ ಕಳಿಸ್ರಪ್ಪಾ’ ಎನ್ನುತ್ತಿದ್ದರು. ನಾನು ಹೋಗುತ್ತಿದ್ದೆ. ಚಪ್ಪರದ ಹಿಂದೆ, ಅಡುಗೆಯವರ ಗಲಾಟೆಯಿಂದ ಸ್ವಲ್ಪ ದೂರದಲ್ಲಿ, ನನಗೆಂದೇ ಒಂದು ಮಂಚ ಹಾಕಿರುತ್ತಿದ್ದರು. ನಾನು ಮಲಗಿ ಕಣ್ಣು ಮುಚ್ಚಿದರೆ ವಾಲಗದವರ ಮೈಕಿಗೆ ಜೀವ ಬರುತ್ತಿತ್ತು, ಐಸ್‌ಕ್ರೀಮು ಗಟ್ಟಿಯಾಗುತ್ತಿತ್ತು, ಚಪ್ಪರದ ತುಂಬ ಸೀರಿಯಲ್ ಸೆಟ್ಟು ಹತ್ತಿಕೊಳ್ಳುತ್ತಿತ್ತು. ಬೇರೆಯವರು ಮಲಗಿದರೆ ದೀಪ ಸುಮ್ಮನೆ ಉರಿಯುತ್ತದೆ. ನಾನು ಮಲಗಿದರೆ ಮಾತ್ರ ಆರಿ ಆರಿ ಹತ್ತುತ್ತದೆ, ಮಿನುಗುತ್ತದೆ. ಅದನ್ನು ನೋಡಲೆಂದೇ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ‘ಏನ್ ನಿದ್ದೆ ಅಂತೀರಾ, ಕುಣಿಯುತ್ತೆ ಅದು’ ಎಂದು ಹೊಗಳುತ್ತಿದ್ದರು. ಎದ್ದ ಮೇಲೆ ಅದನ್ನೆಲ್ಲ ಕೇಳಿಸಿಕೊಂಡು ನಾನು ವಿನಯದಿಂದ ಆಕಳಿಸುತ್ತಿದ್ದೆ.

ನಮ್ಮಲ್ಲಿ ರಾತ್ರಿಯ ನಿದ್ದೆ ಊರಿಗೆ ಸೇರಿದ್ದು. ಬೀದಿ ದೀಪ, ನೀರಿನ ಪಂಪು, ಹಿಟ್ಟಿನ ಗಿರಣಿ, ಹೆರಿಗೆ ಆಸ್ಪತ್ರೆ ಎಲ್ಲ ನಡೆಯುವುದು ಅದರಿಂದ ಹುಟ್ಟುವ ಕರೆಂಟಿನಿಂದ. ಮಧ್ಯಾಹ್ನ ಊಟವಾದ ಮೇಲಿನ ನಿದ್ದೆ ಮಾತ್ರ ಅವರವರ ಮನೆಯದು. ಹಾಗಾಗಿ ಆ ಹೊತ್ತಿನಲ್ಲಿ ನಮ್ಮ ಬೀದಿಗಳಲ್ಲಿ ಓಡಾಡುವುದು ಬಿಸಿಲೊಂದೇ. ಕಿಟಕಿಗಳು ಅರ್ಧ ಮುಚ್ಚಿರುತ್ತವೆ, ಒಳಗೆ ಫ್ಯಾನುಗಳು ತಿರುಗುತ್ತಿರುತ್ತವೆ, ಯಾರದೋ ಮನೆಯಲ್ಲಿ ರೇಡಿಯೋ ತನ್ನಷ್ಟಕ್ಕೆ ಶುರುವಾಗಿ ಹಾಡುತ್ತಿರುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಮಧ್ಯಾಹ್ನ ಮಲಗುತ್ತಾಳೆಯೇ ಎಂದು ಕೇಳುತ್ತಾರೆ. ಹಸುಗೂಸಿರುವ ಮನೆಯಲ್ಲಿ ಗ್ರೈಂಡರ್ ತಿರುಗುತ್ತದೆ, ಪರೀಕ್ಷೆಗೆ ಓದುವವರಿರುವ ಮನೆಯಲ್ಲಿ ಬುಡ್ಡಿ ದೀಪ. ನಿದ್ದೆ ಬಾರದವರು ಪಕ್ಕದ ಮನೆಯಿಂದ ವೈರು ಎಳೆದುಕೊಳ್ಳುತ್ತಾರೆ. ಆ ವೈರಿನ ಕೆಳಗೆ ಹಾದುಹೋಗುವಾಗ ನಾವು ಯಾರೂ ತಲೆ ಎತ್ತಿ ನೋಡುವುದಿಲ್ಲ.

ಚೂಡಾಮಣಿ ನನ್ನ ಹೆಂಡತಿ. ಈಚೆಗೆ ಕೆಲವು ವರ್ಷಗಳಿಂದ ನಾನು ಮಲಗಲು ಎಲ್ಲಿಗೆ ಹೊರಟರೂ ಅವಳೂ ಹೊರಡುತ್ತಿದ್ದಳು. ಒಂದು ಮಡಚುವ ಸ್ಟೂಲು, ಒಂದು ಬೀಸಣಿಗೆ, ಇಷ್ಟು ಅವಳ ಸಾಮಾನು. ನಾನು ಏಳುವವರೆಗೂ ಮಂಚದ ಪಕ್ಕದಲ್ಲೇ ಕೂತಿರುತ್ತಿದ್ದಳು, ಊಟದ ಪಂಕ್ತಿಗೆ ಕರೆದರೂ ಏಳುತ್ತಿರಲಿಲ್ಲ. ಊರಿನ ಹೆಂಗಸರು ಇದನ್ನು ಪತಿಭಕ್ತಿ ಎಂದರು. ನನಗೆ ಮಾತ್ರ ಒಳಗೊಳಗೇ ಬೇರೆ ಅನುಮಾನ. ‘ನಾನೇನು ಮಲಗಿದಲ್ಲೇ ಇನ್ನೊಂದು ಸಂಸಾರ ಮಾಡ್ತೀನೇನೇ, ಕಾವಲು ಕೂರೋಕೆ?’ ಎಂದು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಈ ನಡುವೆ ಅವಳು ಎಲ್ಲೆಂದರಲ್ಲಿ ತೂಕಡಿಸುವುದು ಬೇರೆ ಶುರುವಾಗಿತ್ತು. ಬೆಳಗ್ಗೆ ಒಲೆಯ ಮುಂದೆ ನಿಂತಲ್ಲೇ ಕಣ್ಣು ಮುಚ್ಚಿ ಅನ್ನ ಸೀಯಿಸುತ್ತಿದ್ದಳು. ‘ಕುಂಭಕರ್ಣನ ತಂಗಿ’ ಎಂದು ನಾನು ನಕ್ಕಿದ್ದೆ.

ಸ್ಕೂಟರಿನ ಮೇಲೆ ಇಬ್ಬರೂ, ಜೊತೆಗೊಂದು ಸ್ಟೂಲು, ದೂರದ ಕೇರಿಗಳಿಗೆ ಹೋಗುವುದು ಕಷ್ಟವಾಗಿತ್ತು. ಅದಕ್ಕೇ ಕಾರು ಕೊಂಡೆ. ದನದ ಡಾಕ್ಟರು ಮುರಿಗೆಪ್ಪನವರಿಗೆ ಘಟ್ಟದಾಚೆಗೆ ವರ್ಗವಾಗಿ, ತಮ್ಮ ಹೈಬ್ರಿಡ್ ಕಾರನ್ನು ಮಾರುತ್ತಿದ್ದರು. ಹಳೆಯದೇ, ಬಾಗಿಲಿನ ಮೇಲೆ ಯಾವುದೋ ಎಮ್ಮೆಯ ಕೊಂಬಿನ ಗೀರು ಇತ್ತು. ಆದರೆ ಅದಕ್ಕೆ ಎರಡು ಹೊಟ್ಟೆ. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಕರೆಂಟು. ಪೆಟ್ರೋಲು ನಮ್ಮೂರಿಗೆ ಬರುವುದು ಕ್ಯಾನಿನಲ್ಲಿ, ಅದೂ ಘಟ್ಟದಾಚೆಯಿಂದ ಯಾರಾದರೂ ತಂದರೆ. ಕರೆಂಟಾದರೆ ನಮ್ಮದೇ. ಮನೆಯ ಗೋಡೆಗೆ ಪ್ಲಗ್ ಚುಚ್ಚಿ ಮಲಗಿದರೆ ಮುಗಿಯಿತು. ‘ನಮ್ಮನೇಲಿ ಮಕ್ಕಳು ಮಲಗಿ ಏಳೋದ್ರೊಳಗೆ ಫುಲ್ ಆಗಿರ್ತಿತ್ತು ವಿರೂಪಣ್ಣ, ನಿಮ್ಮ ನಿದ್ದೆಗೆ ಕೇಳ್ಬೇಕಾ’ ಎಂದು ಮುರಿಗೆಪ್ಪನವರು ಕೀಲಿ ಕೊಟ್ಟರು. ಕರೆಂಟಿನಲ್ಲಿ ಓಡುವಾಗ ಅದು ಸದ್ದೇ ಮಾಡುತ್ತಿರಲಿಲ್ಲ. ಅವರ ಮಕ್ಕಳ ನಿದ್ದೆಯಲ್ಲಿ ಮಿಕ್ಕಿದ್ದ ಚೂರುಪಾರಿನಲ್ಲೇ ಅದನ್ನು ಮನೆಗೆ ತಂದೆ. ದಾರಿಯುದ್ದಕ್ಕೂ ನನಗೇಕೋ ಗಾಳಿಪಟ ಹಾರಿಸಬೇಕು ಅನಿಸುತ್ತಿತ್ತು.

ಮಾರನೆಯ ಮಧ್ಯಾಹ್ನ ಹುರುಳಿ ಸಾರು ಗಡದ್ದಾಗಿ ಉಂಡು, ಅಂಗಳದಲ್ಲಿ ಕಾರಿಗೆ ಪ್ಲಗ್ ಹಾಕಿದೆ. ಕೇಬಲ್ಲಿನ ಮಧ್ಯೆ ಒಂದು ಡಬ್ಬಿ, ಅದರ ಮೇಲೊಂದು ಪುಟ್ಟ ದೀಪ. ಹಸಿರಾದರೆ ಕಾರು ಉಣ್ಣುತ್ತಿದೆ ಎಂದರ್ಥ, ಕೆಂಪಾದರೆ ಎಲೆ ಬಿಟ್ಟು ಎದ್ದಿದೆ ಎಂದರ್ಥ. ಕಿಟಕಿಯಿಂದ ಅದು ಕಾಣುವ ಹಾಗೆ ಮಂಚ ಎಳೆದುಕೊಂಡು ಮಲಗಿದೆ. ಜೋಂಪು ಹತ್ತುವ ಹೊತ್ತಿಗೆ ಹಸಿರು ಕಂಡಿತು. ಎದ್ದಾಗ ಕೆಂಪು. ಕಾರಿನೊಳಗೆ ಚಾರ್ಜು ತೋರಿಸುವ ಗೆರೆ ಇದ್ದಲ್ಲೇ ಇತ್ತು.

‘ಪ್ಲಗ್ ಸಡಿಲ ಇರ್ಬೇಕು’ ಎಂದಳು ಚೂಡಿ, ನನ್ನ ಮುಖ ನೋಡದೆ.

ಪ್ಲಗ್ ಒತ್ತಿ ಹಾಕಿದೆ. ಮರುದಿನವೂ ಕೆಂಪು. ಸಾಕೆಟ್ ಬದಲಾಯಿಸಿದೆ. ಅದರ ಮರುದಿನವೂ ಕೆಂಪೇ. ಕೊನೆಗೆ ದಸ್ತಗೀರನನ್ನು ಕರೆದೆ. ಘಟ್ಟದಾಚೆ ಗ್ಯಾರೇಜಿನಲ್ಲಿ ದುಡಿದು ಬಂದವನು, ಇಂಥ ಗಾಡಿಗಳನ್ನು ಬಿಚ್ಚಿ ನೋಡಿದ್ದವನು ನಮ್ಮೂರಿನಲ್ಲಿ ಅವನೊಬ್ಬನೇ. ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಬಂದವನೇ ಹಿಂದಿನ ಸೀಟಿನ ಕೆಳಗಿದ್ದ ಚಿಕ್ಕ ಬ್ಯಾಟರಿಯನ್ನು ದೂರಿದ. ‘ದೊಡ್ಡ ಬ್ಯಾಟರಿ ಎಷ್ಟೇ ಗಟ್ಟಿ ಇರ್ಲಿ, ಈ ಪಿಳ್ಳೆ ಸತ್ರೆ ಗಾಡಿಗೆ ಬುದ್ಧಿನೇ ಓಡಲ್ಲ’ ಎಂದು ಅದನ್ನು ಬದಲಾಯಿಸಿದ. ಕೆಂಪು. ಅರ್ಥಿಂಗ್ ಸರಿಯಿಲ್ಲ ಎಂದು ಅಂಗಳ ಅಗೆದು ಇದ್ದಿಲು ಉಪ್ಪು ತುಂಬಿಸಿದ. ಕೆಂಪು. ಮುರಿಗೆಪ್ಪನವರು ಚಾರ್ಜಿಂಗಿಗೆ ಯಾವುದೋ ಹೊತ್ತು ಗೊತ್ತುಮಾಡಿ ಬಿಟ್ಟಿದ್ದಾರೆ ಎಂದು ಗುಂಡಿಗಳನ್ನೊತ್ತಿ ಅದನ್ನೂ ತೆಗೆದ. ಆಗಲೂ ಕೆಂಪು. ಬೇಸತ್ತು ಕಾರನ್ನು ತನ್ನ ಮನೆಗೇ ತಳ್ಳಿಸಿಕೊಂಡು ಹೋದ. ಅವನ ಅತ್ತೆ, ನಾದಿನಿ, ಮಕ್ಕಳು ಎಲ್ಲ ಸಾಲಾಗಿ ಚಾಪೆ ಹಾಸಿ ಮಲಗಿದರಂತೆ. ಸಂಜೆ ಕಾರು ಹೊಟ್ಟೆ ತುಂಬಿಸಿಕೊಂಡು ಸದ್ದಿಲ್ಲದೆ ನಮ್ಮ ಬಾಗಿಲಿಗೆ ಬಂದು ನಿಂತಿತು.

ಇಳಿದ ದಸ್ತಗೀರ ಚಪ್ಪಲಿಯಿಂದ ಮಣ್ಣು ಕೆದಕುತ್ತ ನಿಂತ. ‘ಕಾರಲ್ಲಿ ಏನೂ ಇಲ್ಲ ವಿರೂಪಣ್ಣ. ಬೇಜಾರು ಮಾಡ್ಕೋಬೇಡ. ನಿಮ್ಮನೇ ಕರೆಂಟಲ್ಲೇ ಏನೋ ಇದೆ.’

ನನ್ನ ಮನೆಯ ಕರೆಂಟು ಎಂದರೆ ನನ್ನ ನಿದ್ದೆ, ನಿದ್ದೆ ಎಂದರೆ ನನ್ನ ಅನ್ನ. ಇಂಥ ಸುದ್ದಿಗೆ ನಮ್ಮೂರಿನಲ್ಲಿ ಕಾಲಿರುವುದಿಲ್ಲ, ರೆಕ್ಕೆಯೇ. ಹಾಲಿನವನು ‘ಏನ್ ವಿರೂಪಣ್ಣ, ನಿದ್ದೆ ಹೆಂಗಿದೆ?’ ಎಂದು ಕೇಳುವ ದನಿಯೇ ಬದಲಾಯಿತು. ಗಿರಣಿಯವರ ಮನೆಯ ಮದುವೆಗೆ ನನಗೆ ಹೇಳಿದ್ದವರು ಬಂದು, ‘ಸುಮ್ನೆ ನಿಮಗೂ ಆಯಾಸ, ಈ ಸಲ ಹುಡುಗನ ಕಡೇರೇ ಯಾರನ್ನೋ ಕರ್ಕೊಂಡ್ ಬರ್ತಾರಂತೆ’ ಎಂದು ಕಾಫಿ ಕೂಡ ಕುಡಿಯದೆ ಹೋದರು. ಅಪ್ಪನ ಕಾಲದಿಂದ ಆ ಮನೆಯ ಎಲ್ಲ ಮದುವೆಗೂ ಮಲಗಿದವರು ನಾವು. ಈ ಕಾರು ಚಾರ್ಜಾಗದಿದ್ದರೆ ಇನ್ನು ಯಾರೂ ನನ್ನನ್ನು ಮಂಚಕ್ಕೆ ಕರೆಯುವುದಿಲ್ಲ, ಪಕ್ಕದ ಮನೆಯಿಂದ ವೈರು ಎಳೆದುಕೊಳ್ಳುವ ಗತಿ ಬರುತ್ತದೆ ಎಂದು ಖಾತ್ರಿಯಾಯಿತು.

ಓಡಾಡಿ ಕಾರಿನ ಹೊಟ್ಟೆ ಮತ್ತೆ ಖಾಲಿಯಾದ ದಿನ, ‘ಒಂದ್ ಕೆಲ್ಸ ಮಾಡಣ’ ಎಂದ ದಸ್ತಗೀರ. ‘ನಾಳೆ ಮಧ್ಯಾಹ್ನ ನಾನು ನಿದ್ದೆ ಬಿಟ್ಟು ಕಾರಲ್ಲೇ ಕೂತು ದೀಪ ನೋಡ್ತಾ ಇರ್ತೀನಿ. ನೀನು ಯಾವತ್ತಿನ ಹಂಗೆ ಮಲ್ಕೋ.’

ನಾನು ಯಾವತ್ತಿನ ಹಾಗೇ ಮಲಗಿದೆ. ಕನಸಿನಲ್ಲಿ ಒಂದು ದೊಡ್ಡ ಕೆರೆ, ಅದರ ತಳದಲ್ಲಿ ನಾನು ಆರಾಮಾಗಿ ಕೂತಿದ್ದೇನೆ, ಮೇಲಿನಿಂದ ಯಾರೋ ಹೆಸರು ಹಿಡಿಯದೆ ನನ್ನನ್ನು ಕರೆಯುತ್ತಿದ್ದಾರೆ. ಈ ಕನಸು ನನಗೆ ಹೊಸದಲ್ಲ. ಎದ್ದು ಹೊರಗೆ ಬಂದಾಗ ದಸ್ತಗೀರನ ಮುಖ ಅರಳಿತ್ತು.

‘ಸಿಕ್ತು ವಿರೂಪಣ್ಣ! ಹಸಿರು ಇರುತ್ತೆ, ಇರುತ್ತೆ, ಇದ್ದಕ್ಕಿದ್ದಂಗೆ ಕರೆಂಟ್ ಕಟ್. ಆಮೇಲೆ ಬರುತ್ತೆ. ಮನೆ ಬಲ್ಬು ಹೋಗಿ ಬಂದ್ರೆ ಯಾರಿಗೂ ಲೆಕ್ಕಕ್ಕಿಲ್ಲ. ಈ ಕಾರಿಗೆ ಕೋಪ ಜಾಸ್ತಿ, ನಡುವೆ ಒಂದೆರಡು ಸಲ ಕೈ ತೆಗೆದ್ರೆ ಸಾಕು, ಬಾಯಿ ಮುಚ್ಕೊಂಡು ಕೆಂಪಾಗಿ ಕೂತ್ಬಿಡುತ್ತೆ. ಆಮೇಲೆ ಎಷ್ಟ್ ಕೊಟ್ರೂ ಮುಟ್ಟಲ್ಲ. ನಾನು ಕಿತ್ತು ಕಿತ್ತು ಮತ್ತೆ ಹಾಕಿ ನೋಡ್ದೆ. ಪ್ರತೀ ಸಲ ಕಟ್ ಆದಾಗ್ಲೂ ಒಳಗಿಂದ ಅಕ್ಕನ ದನಿ ಕೇಳುತ್ತೆ. ರೀ, ರೀ ಅಂತ ನಿನ್ನ ಕರೀತಾರೆ. ತಿಳೀತಾ? ಅಕ್ಕ ನಿನ್ನ ನಿದ್ದೆ ಕೆಡಿಸ್ತಾ ಇದಾರೆ. ಅವರನ್ನ ಒಂದಿನ ಪಕ್ಕದ ಮನೆಗೆ ಕಳ್ಸು. ನೀನೊಬ್ಬನೇ ಬಾಗಿಲು ಹಾಕ್ಕೊಂಡು ಮಲಗು. ಕಾರು ಫುಲ್ ಆಗ್ದಿದ್ರೆ ನನ್ನ ಹೆಸರು ಬದಲಾಯ್ಸು.’

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನನ್ನ ಹೆಸರಿಗೆ ಮಸಿ ಬಳಿದವಳು ಮನೆಯೊಳಗೇ ಇದ್ದಳೇ! ಒಳಗೆ ಹೋದೆ. ಚೂಡಿ ಸ್ಟೂಲಿನ ಮೇಲೇ ಇದ್ದಳು, ಬೀಸಣಿಗೆ ಮಡಿಲಲ್ಲಿತ್ತು.

‘ನಾನು ಮಲಗಿದ್ದಾಗ ನನ್ನ ಯಾಕೆ ಕರೀತೀಯಾ?’ ಎಂದೆ.

ಅವಳು ಬೀಸಣಿಗೆ ಎತ್ತಿ ಮಂಚದ ಮೇಲಿಟ್ಟಳು.

‘ಊರಲ್ಲಿ ತಲೆ ಎತ್ತಿ ಓಡಾಡೋ ಹಂಗಿಲ್ಲ ನಾನು. ನಾಳೆ ಊಟ ಆದ್ಮೇಲೆ ನೀನು ಪಕ್ಕದ ಮನೆಗೆ ಹೋಗ್ಬೇಕು. ನಾನು ಒಳಗಿಂದ ಚಿಲ್ಕ ಹಾಕ್ಕೊಂಡು ಮಲಗ್ತೀನಿ.’

‘ಬೇಡ ರೀ.’

‘ಹೋಗ್ಬೇಕು ಅಂದ್ರೆ ಹೋಗ್ಬೇಕು.’

‘ಚಿಲ್ಕ ಹಾಕ್ಕೋಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದಳು. ಅವಳ ಮುಖ ಸುಣ್ಣದಂತೆ ಬಿಳುಚಿತ್ತು. ಮದುವೆಯಾದಂದಿನಿಂದ ಯಾವುದಕ್ಕೂ ನನ್ನ ಕಾಲಿಗೆ ಬಿದ್ದವಳಲ್ಲ ಅವಳು, ಬೇಕಾದ್ದನ್ನು ಜಗಳವಾಡಿ ಪಡೆದವಳು. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಮಂಚದ ತುದಿಯಲ್ಲಿ ಕೂತೆ.

‘ನಾನು ಕರೆದಿದ್ದಕ್ಕೆ ಕರೆಂಟು ಹೋಗಿದ್ದಲ್ಲ’ ಎಂದಳು ನಿಧಾನವಾಗಿ. ‘ಕರೆಂಟು ಹೋಗಿದ್ದಕ್ಕೆ ನಾನು ಕರೆದಿದ್ದು.’

‘ಅಂದ್ರೆ?’

‘ನಿಮ್ಮ ಉಸಿರು ನಿಂತೋಗುತ್ತೆ ಕಣ್ರೀ. ಗೊರಕೆ ಹೊಡೀತಾ ಹೊಡೀತಾನೇ ನಿಂತೋಗುತ್ತೆ. ಎದೆ ಏಳಲ್ಲ. ಆಗ ಈ ಬಲ್ಬೂ ಆರುತ್ತೆ. ನಾನು ಭುಜ ಹಿಡಿದು ಅಲ್ಲಾಡ್ಸಿ ಕರೆದ್ರೆ ಒಂದ್ಸಲ ಜೋರಾಗಿ ಎಳ್ಕೋತೀರಿ, ದೀಪ ಹತ್ಕೊಳುತ್ತೆ. ಮದುವೆಮನೇಲಿ ಸೀರಿಯಲ್ ಸೆಟ್ಟು ಮಿಣುಕ್ ಮಿಣುಕ್ ಅಂದಾಗೆಲ್ಲ ಜನ ಕೈ ತಟ್ಟೋರು. ನಾನು ಹಿಂದೆ ಕೂತು ನಿಮ್ಮನ್ನ ಅಲ್ಲಾಡಿಸ್ತಾ ಇರ್ತಿದ್ದೆ.’

ಹೊರಗೆ ದಸ್ತಗೀರ ಯಾವುದೋ ಹಾಡು ಗುನುಗುತ್ತ ಕೇಬಲ್ ಸುತ್ತುತ್ತಿದ್ದ. ಆ ಮಿನುಗು, ಆ ಕುಣಿತ, ಮಕ್ಕಳನ್ನೆತ್ತಿಕೊಂಡು ಬರುತ್ತಿದ್ದ ತಾಯಂದಿರು. ನಾನು ಸಾಯುತ್ತ ಬದುಕುತ್ತ ಇದ್ದದ್ದನ್ನು ಇಡೀ ಊರು ಬೆರಗಿನಿಂದ ನೋಡಿತ್ತು.

‘ರಾತ್ರಿ?’ ಎಂದೆ. ರಾತ್ರಿಯ ನಿದ್ದೆ ಊರಿಗೆ ಹೋಗುವುದರಿಂದ ಆಗ ಮನೆಯ ಬಲ್ಬು ನೋಡಿ ತಿಳಿಯುವಂತಿಲ್ಲ.

‘ರಾತ್ರಿ ನಿಮ್ಮ ಎದೆ ಮೇಲೆ ಕೈ ಇಟ್ಕೊಂಡಿರ್ತೀನಿ.’

‘ನೀನು ಯಾವಾಗ ಮಲಗ್ತೀಯಾ ಹಾಗಾದ್ರೆ?’

ಉತ್ತರವನ್ನು ಬೆಳಗ್ಗೆ ಸೀದ ಅನ್ನದ ವಾಸನೆ ಹೇಳಿತು. ನಾನು ಕಾಫಿ ಕುಡಿಯುತ್ತ ಜಗಲಿಯಲ್ಲಿ ಹರಟೆ ಹೊಡೆಯುವಷ್ಟು ಹೊತ್ತು, ಒಲೆಯ ಮುಂದೆ ನಿಂತಲ್ಲಿ ಅವಳು ಕಣ್ಣು ಮುಚ್ಚುತ್ತಿದ್ದಳು. ಅದು ಅವಳ ಒಂದಿಡೀ ದಿನದ ನಿದ್ದೆ. ಅದಕ್ಕೇ ನಾನು ನಕ್ಕಿದ್ದು.

‘ಹೇಳ್ಬಾರ್ದಿತ್ತಾ ಚೂಡಿ?’

‘ಹೇಳಿದ್ರೆ ನೀವು ಹೆದರ್ಕೊಂಡು ಎದ್ದು ಕೂರ್ತಿದ್ರಿ. ನಿದ್ದೆ ಬಿಟ್ರೆ ನಿಮಗೆ ಇನ್ನೇನು ಬರುತ್ತೆ ಹೇಳಿ’ ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಬರೀ ನಿಜ ಇತ್ತು.

ಅವಳು ಹೇಳಿದ್ದೇ ಆಯಿತು. ಆ ರಾತ್ರಿಯಾಗಲಿ ಮರುದಿನದ ಮಧ್ಯಾಹ್ನವಾಗಲಿ ನನ್ನ ಕಣ್ಣು ಮುಚ್ಚಲಿಲ್ಲ. ರೆಪ್ಪೆ ಭಾರವಾದಾಗಲೆಲ್ಲ ಕೆರೆಯ ತಳ ಕಾಣುತ್ತಿತ್ತು, ಗಾಬರಿಯಾಗಿ ಎದ್ದು ಕೂರುತ್ತಿದ್ದೆ. ಫ್ಯಾನು ನಿಂತಿತು, ಬಲ್ಬು ಹತ್ತಲಿಲ್ಲ, ಹಾಲು ಒಡೆಯಿತು. ನಮ್ಮೂರಿನ ಅತಿ ದೊಡ್ಡ ನಿದ್ದೆಗಾರನ ಮನೆ ಹಾಡುಹಗಲಲ್ಲೇ ಗವ್ವೆನ್ನುತ್ತಿತ್ತು. ಚೂಡಿ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿಕೊಂಡು, ಕಣ್ಣು ಮಿಟುಕಿಸುತ್ತ ನನ್ನ ಎದೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ದಿನವೂ ನೋಡುವ ಮುಖ ಅದು.

ನಾನು ಎದ್ದು ನಿಂತೆ. ‘ಏಳು. ನೀನು ಇಲ್ಲಿ ಮಲಗು.’

‘ನಾನಾ? ನನಗೆಲ್ಲಿ ಬರುತ್ತೆ ಈಗ.’

‘ಮಲಗು ಅಂದೆ.’

ಮದುವೆಮನೆಗೆ ಬಂದ ಬಡ ನೆಂಟರಂತೆ ಮಂಚದ ಅಂಚಿನಲ್ಲಿ ಮುದುಡಿ ಮಲಗಿದಳು. ಮಲಗಿದ ಕೂಡಲೇ ಅವಳ ಕೈ ತಾನಾಗಿ ನನ್ನ ಎದೆಯ ಕಡೆ ಬಂತು. ನಾನು ಆ ಕೈಯನ್ನು ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತೆ. ‘ನಾನು ಎದ್ದೇ ಇದೀನಿ. ನೋಡು, ಕಣ್ಣು ಬಿಟ್ಕೊಂಡಿದೀನಿ. ಉಸಿರಾಡ್ತಾ ಇದೀನಿ.’ ಅವಳು ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು, ಮೂರನೆಯ ಸಲ ನೋಡಲು ಅವಳ ಕಣ್ಣು ತೆರೆಯಲಿಲ್ಲ.

ಮೊದಲು ಫ್ಯಾನು ಅಲುಗಿತು. ಆಮೇಲೆ ಬಲ್ಬು ಹತ್ತಿತು, ಮಿನುಗದೆ, ಅಳುಕದೆ. ಅಡುಗೆಮನೆಯದೂ ಹತ್ತಿತು, ಜಗಲಿಯದೂ, ಎಂದೋ ಕೆಟ್ಟಿದೆ ಎಂದು ಬಿಟ್ಟಿದ್ದ ಬಚ್ಚಲಿನದೂ. ಗೋಡೆಯೊಳಗೆ ವೈರುಗಳು ಜೇನಿನಂತೆ ಗುಂಯ್ ಎನ್ನತೊಡಗಿದವು. ಎಷ್ಟು ವರ್ಷಗಳ ನಿದ್ದೆ ಅವಳೊಳಗೆ ಕಟ್ಟಿ ನಿಂತಿತ್ತೋ, ಅದಷ್ಟೂ ಮೆಲ್ಲಗೆ ಮನೆ ತುಂಬುತ್ತಿತ್ತು. ಕಿಟಕಿಯ ಆಚೆ, ಊಟವಾದ ಮೇಲೆ ಅಭ್ಯಾಸದಂತೆ ನಾನು ಪ್ಲಗ್ ಹಾಕಿಟ್ಟಿದ್ದ ಕಾರಿನ ಕೇಬಲ್ಲಿನಲ್ಲಿ ಹಸಿರು ದೀಪ. ಅದು ಹಸಿರಾಗಿಯೇ ಇತ್ತು. ನನಗೆ ಅಳು ಬಂತು. ಇವಳ ನಿದ್ದೆಯನ್ನು ತಿಂದು ನಾನು ಇಷ್ಟು ಕಾಲ ಹೆಸರು ಮಾಡಿದ್ದೆ.

ಎಚ್ಚರವಾಗಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ತೊಡೆ ಚಿವುಟಿಕೊಂಡೆ, ಮುಖಕ್ಕೆ ನೀರು ಹಾಕಿಕೊಂಡೆ, ಹಸಿಮೆಣಸಿನಕಾಯಿ ಕಚ್ಚಿದೆ. ತೂಕಡಿಕೆ ಬಂದಾಗೆಲ್ಲ ಅವಳ ಮುಖ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು, ಹಣೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ಸಂಜೆಯಾಯಿತು, ಅವಳು ಏಳಲಿಲ್ಲ. ದಸ್ತಗೀರ ಬಂದು ಗೇಟಿನ ಹತ್ತಿರವೇ ನಿಂತುಬಿಟ್ಟ. ಕಾರು ತುಂಬಿತ್ತು. ತುಂಬಿದ ಮೇಲೂ ಬರುತ್ತಿದ್ದ ಕರೆಂಟಿಗೆ ನಮ್ಮ ಮನೆಯ ಗೋಡೆಗಳೇ ಬೆಚ್ಚಗೆ ಹೊಳೆಯುತ್ತಿದ್ದವು. ನಾನು ಎಲ್ಲವನ್ನೂ ಪಿಸುದನಿಯಲ್ಲಿ ಹೇಳಿದೆ. ಅವನು ತಲೆಯ ಮೇಲೆ ಕೈ ಹೊತ್ತ.

‘ನಾನು ಅಕ್ಕನ್ನ ಹೊರಗೆ ಕಳ್ಸು ಅಂದೆನಲ್ಲ ವಿರೂಪಣ್ಣ. ಚಿಲ್ಕ ಹಾಕ್ಕೊಂಡು ಮಲಗು ಅಂದೆನಲ್ಲ’ ಎಂದ. ಆಮೇಲೆ ಕೈಯೊಡ್ಡಿದ. ‘ಕೀಲಿ ಕೊಡು. ಬೆಳಗಾಗ್ತಿದ್ದಂಗೆ ಘಟ್ಟದಾಚೆ ಡಾಕ್ಟರ್ ಹತ್ರ ಹೋಗಣ. ಸ್ಟೀರಿಂಗ್ ಮಾತ್ರ ನಿನ್ನ ಕೈಗೆ ಕೊಡಲ್ಲ.’

ಬೆಳಗ್ಗೆ ಚೂಡಿಯನ್ನು ಕೈ ಹಿಡಿದು ನಡೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಅವಳು ಅರ್ಧ ಎದ್ದು, ‘ಅನ್ನ...’ ಎಂದು ಏನೋ ಹೇಳಿ, ನನ್ನ ಹೆಗಲಿಗೆ ತಲೆಯಿಟ್ಟಳು. ಕಾರು ಹೊರಟದ್ದೇ ತಿಳಿಯಲಿಲ್ಲ. ಅವಳ ನಿದ್ದೆಯ ಮೇಲೆ ನಾವು ಬೀದಿಗಳನ್ನು ದಾಟಿದೆವು, ಗಿರಣಿ ದಾಟಿದೆವು, ಮದುವೆಗೆ ಹಾಕುತ್ತಿದ್ದ ಚಪ್ಪರ ದಾಟಿದೆವು. ಹುಲ್ಲಿನ ಮೇಲಿದ್ದ ಬೆಳ್ಳಕ್ಕಿಗಳು ಕಾರು ಪಕ್ಕಕ್ಕೆ ಬಂದರೂ ಹಾರಲಿಲ್ಲ. ಘಟ್ಟದ ತಿರುವುಗಳಲ್ಲಿ ಮಂಜು ಕಿಟಕಿಗೆ ಒರಗಿಕೊಂಡು ಬರುತ್ತಿತ್ತು. ನೆತ್ತಿ ಇನ್ನೇನು ಸಿಕ್ಕಿತು ಎನ್ನುವಾಗ ಬ್ಯಾಟರಿ ಮುಗಿದು, ದಸ್ತಗೀರ ಕ್ಯಾನಿನಿಂದ ಹುಯ್ದಿದ್ದ ಪೆಟ್ರೋಲಿಗೆ ಎಂಜಿನ್ನು ಗುರ್ರೆಂದು ಎದ್ದಿತು. ನಾನು ಬೆಚ್ಚಿದೆ. ಚೂಡಿ ಏಳಲಿಲ್ಲ.

ಘಟ್ಟದಾಚೆಯ ಊರಿನಲ್ಲಿ ಜನ ಹಗಲೆಲ್ಲ ಎದ್ದು ಓಡಾಡುತ್ತಿದ್ದರೂ ದೀಪಗಳು ಉರಿಯುತ್ತಿದ್ದವು. ಯಾರೂ ಅದನ್ನು ನೋಡುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ನನ್ನ ಗಂಟಲಿಗೆ ಟಾರ್ಚು ಬಿಟ್ಟು ನೋಡಿದರು, ಮೈಗೆ ವೈರು ಅಂಟಿಸಿ ಮಲಗಿಸಿದರು. ಮಲಗಲು ನಾನು ಹೆದರಿದಾಗ, ‘ನಾನಿದೀನಿ ಮಲಗಿ’ ಎಂದು ಗದರಿದರು. ಎದ್ದ ಮೇಲೆ ಒಂದು ಪುಟ್ಟ ಪೆಟ್ಟಿಗೆ ತಂದಿಟ್ಟರು. ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಹಾಕಿಕೊಳ್ಳುವ ಮುಚ್ಚಳ. ರಾತ್ರಿಯಿಡೀ ಇದು ಗಾಳಿ ಊದುತ್ತದೆ, ಉಸಿರು ನಿಲ್ಲಲು ಬಿಡುವುದಿಲ್ಲ ಎಂದರು. ನಿಮ್ಮ ಮನೆಯವರು ಇಷ್ಟು ದಿನ ಈ ಕೆಲಸವನ್ನು ಕೈಯಲ್ಲಿ ಮಾಡಿದ್ದಾರೆ ಎಂದೂ ಹೇಳಿದರು.

‘ಆದ್ರೆ ಒಂದು ಮಾತು. ಇದಕ್ಕೆ ಕರೆಂಟ್ ನಡುವೆ ಹೋಗಬಾರದು. ನಿಮ್ಮೂರಲ್ಲಿ ಹೇಗೆ?’

ದಸ್ತಗೀರ ಬಾಗಿಲಲ್ಲೇ ನಿಂತಿದ್ದ. ‘ಕಾರಿನ ಡಿಕ್ಕೀಲಿ ಒಂದು ಸಾಕೆಟ್ ಇದೆ ಡಾಕ್ಟ್ರೇ. ಮಧ್ಯಾಹ್ನ ತುಂಬಿಸ್ಕೊಂಡ್ರೆ ರಾತ್ರಿಯೆಲ್ಲ ಅದರಿಂದ ಎಳೀಬಹುದು’ ಎಂದ.

‘ಮಧ್ಯಾಹ್ನ ಕರೆಂಟ್ ಗ್ಯಾರಂಟಿ ಇರುತ್ತಾ?’

ಚೂಡಾಮಣಿ ಗೋಡೆ ಬದಿಯ ಕುರ್ಚಿಯಲ್ಲಿ ಕತ್ತು ವಾಲಿಸಿಕೊಂಡು ಮಲಗಿದ್ದಳು. ಸೆರಗು ಜಾರಿತ್ತು, ಒಂದು ಚಪ್ಪಲಿ ಕಾಲಿನಿಂದ ಕಳಚಿ ದೂರ ಹೋಗಿತ್ತು. ಇದನ್ನು ಅವರಿಗೂ ತಿಳಿಸಬೇಕಲ್ಲ ಎಂದು ಡಾಕ್ಟರಮ್ಮ ಎದ್ದು ಅವಳ ಭುಜ ಅಲ್ಲಾಡಿಸಲು ಕೈ ಚಾಚಿದರು. ನಾನು ಅಡ್ಡ ಹೋಗಿ ನಿಂತೆ.

‘ಎಬ್ಬಿಸಬೇಡಿ ಅಮ್ಮಾ’ ಎಂದೆ. ‘ಕರೆಂಟು ಇರುತ್ತೆ.’